ಹಾರ್ನ್ ಎಡಗಡೆ ಕೇಳುತ್ತೆ, ಬಸ್ಸು ಬಲಗಡೆ ಬರುತ್ತೆ: ಕಿವಿ ಡಾಕ್ಟರಿಗೆ ಪ್ರಶ್ನೆಗಳು

(ಹುಬ್ಬಳ್ಳಿ-ಧಾರವಾಡದ ಒಂದು ಮೊಬೈಲ್ ಗುಂಪು. ಕೇಳುವವರ ಹೆಸರಿನ ಬದಲು ಅವರ ಊರು ಅಥವಾ ಬಡಾವಣೆ ಹೆಸರಿದೆ. ಉತ್ತರ ಕೊಡುವವರು ಹುಬ್ಬಳ್ಳಿಯ ಕಿವಿ-ಮೂಗು-ಗಂಟಲು ವೈದ್ಯರು.)

ಕೇಶ್ವಾಪುರ: ನಮಸ್ಕಾರ ಡಾಕ್ಟರೇ. ಗುಗ್ಗೆ ತೆಗೆಯೋಕೆ ಬಡ್ಸ್ ಹಾಕಬಹುದಾ?

ಡಾಕ್ಟರ್: ಬೇಡ. ಗುಗ್ಗೆ ಇನ್ನೂ ಒಳಗೆ ಹೋಗುತ್ತೆ.

ನವನಗರ: ನಮ್ಮ ಮನೆಯವರಿಗೆ 52 ವರ್ಷ. ಸೋಮವಾರ ಎದ್ದಾಗಿನಿಂದ ಬಲಗಿವಿ ಮುಚ್ಚಿದ ಹಾಗಿದೆಯಂತೆ, ಒಳಗೆ ಗುಂಯ್ ಅನ್ನುತ್ತಂತೆ. ನೋವಿಲ್ಲ. ನಿನ್ನೆ ಚೆನ್ನಮ್ಮ ಸರ್ಕಲ್‌ನಲ್ಲಿ ಬಲಗಡೆಯಿಂದ ಬಸ್ಸು ಹಾರ್ನ್ ಹಾಕಿದರೆ ಇವರು ಎಡಗಡೆ ನೋಡ್ತಾ ನಿಂತರು. ನಾನೇ ಕೈ ಹಿಡಿದು ಎಳೆದೆ. ನೆಗಡಿ ಇತ್ತು, ತಾನಾಗೇ ಹೋಗುತ್ತಾ?

ವಿದ್ಯಾನಗರ: ಕುಸುಬಿ ಎಣ್ಣೇಲಿ ಬೆಳ್ಳುಳ್ಳಿ ಕಾಯಿಸಿ ನಾಲ್ಕು ಹನಿ ಬಿಡಿ ಅಕ್ಕಾರೆ. ಫಾರ್ವರ್ಡ್ ಕಳಿಸಿದ್ದೀನಿ ನೋಡಿ.

ಡಾಕ್ಟರ್: ಎಣ್ಣೆ ಹಾಕಬೇಡಿ. ಅಕ್ಕಾರೆ, ಇದನ್ನು ಪೂರ್ತಿ ಓದಿ. ಬಲಗಡೆ ಹಾರ್ನ್ ಹೊಡೆದರೆ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತೆ, ಎಡಗಿವಿಗೆ ಒಂದು ಚೂರು ತಡವಾಗಿ. ಆ ಅಂತರ ಜಾಸ್ತಿ ಅಂದರೂ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ, ಆದರೂ ಮೆದುಳು ಅದನ್ನು ಹಿಡಿಯುತ್ತೆ. ಕೀರಲು ಸದ್ದಾದರೆ ತಲೆಯೇ ಅಡ್ಡ ಬರುತ್ತೆ, ಆಚೆ ಕಿವಿಗೆ ಸಣ್ಣದಾಗಿ ಕೇಳುತ್ತೆ. ಒಂದು ಕಿವಿ ಹೋದರೆ ಈ ಎರಡು ಗುರುತೂ ಹೋದ ಹಾಗೆ, ಎಲ್ಲಾ ಸದ್ದು ಚೆನ್ನಾಗಿರೋ ಕಿವಿ ಕಡೆಯಿಂದಲೇ ಬಂದಂತೆ ಅನಿಸುತ್ತೆ. ಈಗ ಅವರಿಗೆ ಬಾಯಿ ಮುಚ್ಚಿ ಹೂಂ ಅಂತ ಗುನುಗೋಕೆ ಹೇಳಿ. ದನಿ ಮುಚ್ಚಿದ ಕಿವೀಲಿ ಜೋರಾಗಿ ಕೇಳಿದರೆ ಗುಗ್ಗೆಯೋ ನೀರೋ ಇರಬಹುದು. ಚೆನ್ನಾಗಿರೋ ಕಿವೀಲಿ ಕೇಳಿದರೆ ನರದ ಕಿವುಡು ಇರಬಹುದು, ಅದಕ್ಕೆ ಸ್ಟೀರಾಯ್ಡ್ ಬೇಗ ಶುರುವಾಗಬೇಕು. ಮೊದಲ ಎರಡು ವಾರದೊಳಗೆ ಕೊಟ್ಟರೆ ಉಪಯೋಗ ಜಾಸ್ತಿ, ಅದರಲ್ಲೂ ಒಂದೊಂದು ದಿನವೂ ಮುಖ್ಯ. ಶುಗರ್ ಇದೆಯಾ? ಏನು ಕೇಳಿಸಿತು ಅಂತ ಈಗಲೇ ಬರೆಯಿರಿ.

ವಿದ್ಯಾನಗರ: ನಮ್ಮಜ್ಜಿ ಕಾಲದಿಂದ ಹಾಕ್ತಾ ಬಂದಿದ್ದೀವಿ, ಯಾರಿಗೂ ಏನೂ ಆಗಿಲ್ಲ.

ಸಪ್ತಾಪುರ ಮಾಸ್ತರ್: ಯಾರಿಗೆ ಏನಾಯ್ತು ಅಂತ ಲೆಕ್ಕ ಇಟ್ಟಿದ್ರೇನ್ರೀ?

ವಿದ್ಯಾನಗರ: ನಿಮ್ಮನ್ನ ಯಾರು ಕೇಳಿದ್ರು?

ಡಾಕ್ಟರ್: ಕಿವಿ ತಮಟೆ ತೂತಾಗಿದ್ದರೆ ಎಣ್ಣೆ ಸೀದಾ ನಡುಗಿವಿಗೆ ಇಳಿಯುತ್ತೆ, ಕೀವು ಕಟ್ಟುತ್ತೆ. ಬಿಸಿ ಇದ್ದರೆ ಸುಡುತ್ತೆ. ನರದ ಕಿವುಡಿಗೆ ಎಣ್ಣೆಯಿಂದ ಏನೂ ಆಗಲ್ಲ, ಜೊತೆಗೆ ಇರೋ ಸಮಯ ಹಾಳು. ಆ ಫಾರ್ವರ್ಡ್ ಅಳಿಸಿ.

ಗದಗ: ಮಿಂಚು ಕಂಡು ಎಣಿಸ್ತಾ ಹೋದೆ, 9ಕ್ಕೆ ಗುಡುಗಿತು. 9 ಕಿಲೋಮೀಟರ್ ದೂರ ಅಲ್ವಾ?

ಮಾಸ್ತರ್: ಮೂರೇ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಸದ್ದು ಬರೀ 340 ಮೀಟರ್. ಮಿಂಚು ಕೂಡಲೇ ಕಾಣುತ್ತೆ, ಗುಡುಗಿಗೆ ಕಿಲೋಮೀಟರಿಗೆ ಮೂರು ಸೆಕೆಂಡ್ ಬೇಕು.

ರಾಣೆಬೆನ್ನೂರು: ಮೂರು ಕಿಲೋಮೀಟರ್ ದೂರ ಇದ್ದರೆ ಹೊಲದಲ್ಲಿ ಕೆಲಸ ಮುಂದುವರಿಸಬಹುದು ಬಿಡ್ರಿ.

ಮಾಸ್ತರ್: ಇಲ್ಲ! ಮುಂದಿನ ಸಿಡಿಲು ನಿಮ್ಮ ಮೇಲೇ ಬೀಳಬಹುದು. 30 ಎಣಿಸೋದರೊಳಗೆ ಗುಡುಗಿದರೆ ಮನೆಯೊಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ.

ರಾಣೆಬೆನ್ನೂರು: ಮಳೆಗಾಲದಲ್ಲಿ ದಿನಾ ಮನೇಲಿ ಕೂತರೆ ಹೊಲ ನೀವು ಬಂದು ಮಾಡ್ತೀರಾ?

ಕಲ್ಯಾಣನಗರ: ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಮೆಟ್ಟಿಲು ಎಷ್ಟು ಕೆಳಗಿದೆ ಅಂತ ಅಂದಾಜು ಸಿಗ್ತಿಲ್ಲ. ಯಾಕೆ ಸರ್?

ನವನಗರ: ಡಾಕ್ಟರೇ, ಎಡಗಿವೀಲಿ ಕೇಳಿಸ್ತಂತೆ. ಶುಗರ್ ಇದೆ.

ಡಾಕ್ಟರ್: ಈಗಲೇ ಹೊರಡಿ. ನನ್ನ ಹತ್ತಿರವೇ ಬರಬೇಕಂತಿಲ್ಲ, ಕಿಮ್ಸ್ ಆಸ್ಪತ್ರೆ ಆದರೂ ಸರಿ, ಹತ್ತಿರ ಯಾವ ಕಿವಿ ಡಾಕ್ಟರ್ ಸಿಕ್ಕರೂ ಸರಿ. ಸೋಮವಾರದಿಂದ ಹೀಗಿದೆ ಅಂತ ಮೊದಲೇ ಹೇಳಿ. ಶುಗರ್ ಮಾತ್ರೆ ಚೀಟಿ ತಗೊಂಡು ಹೋಗಿ, ಸ್ಟೀರಾಯ್ಡ್‌ಗೆ ಶುಗರ್ ಏರುತ್ತೆ, ಅದನ್ನು ಅವರು ನೋಡಿಕೊಳ್ಳಬೇಕು. ಕೇಳುವ ಪರೀಕ್ಷೆ ಮಾಡದೆ ಬರೀ ನೆಗಡಿ ಮಾತ್ರೆ ಕೊಟ್ಟರೆ ಪರೀಕ್ಷೆ ಮಾಡಿ ಅಂತ ಕೇಳಿ. ಗಾಡಿ ಅವರು ಓಡಿಸೋದು ಬೇಡ.

ಹಾವೇರಿ: ಅಪ್ಪಾಜಿಗೆ ಎರಡೂ ಕಿವಿ ಮಂದ, ಒಂದಕ್ಕೆ ಮಾತ್ರ ಮಷೀನ್. ಕರೆದರೆ ಬೇರೆ ಕೋಣೆಗೆ ಹೋಗ್ತಾರೆ.

ಡಾಕ್ಟರ್: ಎರಡಕ್ಕೂ ಹಾಕಿಸಿ. ಕಾರಣ ಮೇಲೆ ಬರೆದಿದ್ದೇನೆ.

ಹಾವೇರಿ: ಎಷ್ಟಾಗುತ್ತೆ ಸರ್?

ಕೇಶ್ವಾಪುರ: ಮಕ್ಕಳಿಗಾದರೂ ಬಡ್ಸ್?

ಡಾಕ್ಟರ್: ಯಾರಿಗೂ ಬೇಡ.

ವಿದ್ಯಾನಗರ: ಎಣ್ಣೆ ತಣ್ಣಗಿದ್ದರೆ?

ಡಾಕ್ಟರ್: ಅದೂ ಬೇಡ. ಓಪಿಡಿ ಶುರುವಾಯ್ತು, ಹೊರಟೆ. ನವನಗರದವರು ಆಸ್ಪತ್ರೆ ಮುಟ್ಟಿದ ಮೇಲೆ ನನಗೆ ಫೋನ್ ಮಾಡಿ.