ಡ್ರಮ್ ಪ್ಲಗಿನ್ ಹಾಕಿದ ಕೂಡ್ಲೇ ರೀಪರ್ ಮೀಟರ್ ಕೆಂಪಗಾಗ್ತದ, ಟಾಸ್ಕ್ ಮ್ಯಾನೇಜರ್ ಮಾತ್ರ 35 ಪರ್ಸೆಂಟ್ ಅಂತದ

ತೊಗರಿಕಣಜ, ಕಲಬುರಗಿ:

ನಮಸ್ಕಾರ್ರಿ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ದಾಗ ಒಂದು ತತ್ವಪದಕ್ಕ ಡ್ರಮ್ಸ್ ಕೂಡಿಸ್ಲತ್ತೀನಿ. ದನಿ, ಏಕತಾರಿ, ದಮ್ಮಡಿ, ಹಾರ್ಮೋನಿಯಂ ನಾಕೂ ರೆಕಾರ್ಡ್ ಆಗ್ಯಾವ, ತ್ರಾಸಿಲ್ದೆ ಓಡ್ತಾವ. ಡ್ರಮ್ ಪ್ಲಗಿನ್ (ಮೊದಲೇ ರೆಕಾರ್ಡ್ ಮಾಡಿಟ್ಟ ಡ್ರಮ್ ದನಿ ನುಡಿಸೋ ಸಾಫ್ಟ್‌ವೇರ್) ಹಾಕಿದ ಮ್ಯಾಲ ಪೀಕಲಾಟ ಶುರು.

ಲ್ಯಾಪ್‌ಟಾಪ್ 8ನೇ ತಲೆಮಾರಿನ ಐ5, 4 ಕೋರ್, ಬೇಸ್ 1.6, ಟರ್ಬೋ 3.4 ಗಿಗಾಹರ್ಟ್ಜ್. ರ‍್ಯಾಮ್ 8 ಜಿಬಿ, ವಿಂಡೋಸ್ 10. ಒಳಗಿನ ಎಸ್‌ಎಸ್‌ಡಿ ಸಣ್ಣದು, ಅದಕ್ಕ 60 ಜಿಬಿ ಡ್ರಮ್ ಲೈಬ್ರರಿ ಹೊರಗಿನ ಹಾರ್ಡ್ ಡಿಸ್ಕ್‌ದಾಗ ಅದ. ಆ ಡಿಸ್ಕು, ಆಡಿಯೊ ಇಂಟರ್‌ಫೇಸು ಎರಡೂ ಒಂದೇ ಹಳೆ ಯುಎಸ್‌ಬಿ 2 ಹಬ್‌ಗೆ ಚುಚ್ಚೀನಿ. ಸ್ಯಾಂಪಲ್ ರೇಟ್ 44.1 ಕಿಲೋಹರ್ಟ್ಜ್, ಬಫರ್ (ಒಂದು ಸಲಕ್ಕ ಲೆಕ್ಕ ಹಾಕೋ ದನಿ ತುಣುಕು) 128 ಸ್ಯಾಂಪಲ್.

ಕಿಕ್, ಸ್ನೇರ್ ಇದ್ದಾಗ ಚಲೋ ಅದ. ಪಲ್ಲವಿದಾಗ ರೈಡ್ ಸಿಂಬಲ್ ಬಂತಂದ್ರ ಚಟ್ ಚಟ್ ಶುರು, ಸಿಂಬಲ್‌ದ ಬಾಲನೂ (ಹೊಡೆದ ಮ್ಯಾಲ ಉಳಿಯೋ ಮೊಳಗು) ನಡುವ ಕತ್ತರಿಸಿ ಹೋಗ್ತದ. ಮಧ್ಯಾಹ್ನ ಭಾಳ ಕೆಟ್ಟ, ಕರೆಂಟ್ ಹೋದ್ರ ಇನ್ನೂ ಕೆಟ್ಟ. ಪ್ಲಗಿನ್ ಬದಲಿ ಮಾಡ್ಲ್ಯಾ, ಲ್ಯಾಪ್‌ಟಾಪ್ ಬದಲಿ ಮಾಡ್ಲ್ಯಾ?

ಭೀಮಾದಂಡಿ:

16 ಜಿಬಿ ರ‍್ಯಾಮ್ ಹಾಕಸ್ರಿ, ಬಫರ್ 1024 ಮಾಡ್ರಿ, ಮುಗೀತು.

ಬಿದ್ರಿಬೀಟ್, ಬೀದರ್:

ಬಫರ್ ಮಾತು ಅರ್ಧ ಸರಿ. ರ‍್ಯಾಮ್‌ಗೆ ರೊಕ್ಕ ಹಾಕೋ ಹೊತ್ತು ಇನ್ನೂ ಬಂದಿಲ್ಲ.

ಎರಡು ಮೀಟರ್ ಜಗಳಕ್ಕೆ ಕಾರಣ ಇಷ್ಟೇ. ಟಾಸ್ಕ್ ಮ್ಯಾನೇಜರ್ ತೋರಿಸೋದು 8 ಥ್ರೆಡ್‌ಗಳ (4 ಕೋರ್‌ಗೆ ಎರಡೆರಡು ಕೆಲಸದ ಸಾಲು) ಸರಾಸರಿ. ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿ, ಉಳಿದ ಏಳು ಖಾಲಿ ಕೂತಿದ್ರೂ ಅಲ್ಲಿ ಕಾಣೋದು 12–13 ಪರ್ಸೆಂಟ್. ಡ್ರಮ್ ಪ್ಲಗಿನ್‌ಗೆ 16 ಔಟ್‌ಪುಟ್ ಇದ್ರೂ ಬಹಳಷ್ಟು ಸಲ ಅದರ ಕೆಲಸವೆಲ್ಲ ಒಂದೇ ಥ್ರೆಡ್ ಮೇಲೆ ಬೀಳುತ್ತೆ. ರೀಪರ್ ನೋಡೋದು ಗಡುವು: 44.1ರಲ್ಲಿ 128 ಸ್ಯಾಂಪಲ್ ಅಂದ್ರೆ 2.9 ಮಿಲಿಸೆಕೆಂಡ್, 256 ಅಂದ್ರೆ 5.8, 512 ಅಂದ್ರೆ 11.6. ಅಷ್ಟರೊಳಗೆ ಲೆಕ್ಕ ಮುಗೀದಿದ್ರೆ ಚಟ್ ಅಂತದ. ಕಂಟ್ರೋಲ್-ಆಲ್ಟ್-ಪಿ ಒತ್ತಿ ಪರ್ಫಾರ್ಮೆನ್ಸ್ ಮೀಟರ್ ತೆಗೀರಿ. ಒಟ್ಟು ಸಿಪಿಯು ಬಿಡ್ರಿ, ಆರ್‌ಟಿ ಲಾಂಗೆಸ್ಟ್ ಬ್ಲಾಕ್ ಅನ್ನೋ ಸಾಲು ನೋಡ್ರಿ. ಅದು ಗಡುವು ದಾಟ್ತಿದ್ರೆ ಸರಾಸರಿ 20 ಇದ್ರೂ ಪ್ರಯೋಜನ ಇಲ್ಲ.

ಡ್ರಮ್ ಟ್ರ್ಯಾಕ್‌ನ ಕೆಂಪು ರೆಕಾರ್ಡ್ ಬಟನ್ ಒತ್ತಿಯೇ ಇದೆಯಾ? ಅದೂ ಮಾನಿಟರಿಂಗೂ (ಬಾರಿಸಿದ್ದು ಆಗಲೇ ಕೇಳಿಸೋದು) ಆನ್ ಇದ್ರೆ ರೀಪರ್ ಆ ಟ್ರ್ಯಾಕನ್ನ ಮುಂಗಡವಾಗಿ ಲೆಕ್ಕ ಹಾಕಿ ಇಟ್ಟುಕೊಳ್ಳೋದಿಲ್ಲ, ಪ್ರತಿ ಬಫರ್‌ಗೂ ಆಗಿಂದಾಗ್ಲೇ ದುಡಿಯುತ್ತೆ. ಮೌಸ್‌ನಿಂದ ನೋಟ್ ಬರೆಯೋರಿಗೆ ಆ ಬಟನ್ ಬೇಕಾಗಿಲ್ಲ. ಅದೊಂದು ಆಫ್ ಮಾಡಿದ್ರೇನೇ ಮೀಟರ್ ಅರ್ಧಕ್ಕೆ ಇಳಿಯೋದುಂಟು.

ಇನ್ನು ಕಿವಿಯಿಂದ ಪತ್ತೆ ಮಾಡೋದು. ಚಟ್ ಚಟ್ ಅಂದ್ರೆ ಗಡುವು ತಪ್ಪಿದೆ. ಚಟ್ ಅನ್ನದೆ ಸಿಂಬಲ್ ಬಾಲ ಕತ್ತರಿಸಿದಂಗೆ ನಿಂತ್ರೆ ಡಿಸ್ಕ್ ಸಾಲ್ತಿಲ್ಲ, ಅಥವಾ ಪ್ಲಗಿನ್‌ನಲ್ಲಿ ವಾಯ್ಸ್ ಮಿತಿ (ಒಟ್ಟಿಗೆ ಎಷ್ಟು ದನಿ ನುಡೀಬಹುದು ಅನ್ನೋದು) ಕಡಿಮೆ ಇಟ್ಟಿದೆ. ನಿಮಗೆ ಎರಡೂ ಇವೆ, ಅಂದ್ರೆ ರೋಗವೂ ಎರಡು.

ರೈಡ್‌ಗೇ ಯಾಕೆ ಅಂತ ಲೆಕ್ಕ ಹಾಕ್ರಿ. ಕಿಕ್ ಅರ್ಧ ಸೆಕೆಂಡಿನೊಳಗೆ ಸಾಯುತ್ತೆ. ರೈಡ್ 10 ಸೆಕೆಂಡ್ ಮೊಳಗುತ್ತೆ ಅನ್ಕೊಳ್ರಿ. 120 ಬಿಪಿಎಂನಲ್ಲಿ ಎಂಟನೇ ನೋಟ್ ಹೊಡೆದ್ರೆ ಸೆಕೆಂಡಿಗೆ 4 ಏಟು, ಒಂದರ ಮೇಲೊಂದು 40 ಬಾಲ. ಪ್ರತಿ ಏಟನ್ನೂ ಹಲವು ಮೈಕ್ ಹಿಡಿದಿರ್ತಾವೆ: ಓವರ್‌ಹೆಡ್ (ಡ್ರಮ್ ಮೇಲಿನ ಮೈಕ್) ಎರಡು, ರೂಮ್ ಎರಡು, ರೈಡ್ ಹತ್ತಿರದ್ದು ಒಂದು, ಸ್ನೇರ್ ಮತ್ತು ಎರಡು ಟಾಮ್ ಮೈಕ್‌ಗೆ ಸೋರಿದ್ದು ಮೂರು, ಒಟ್ಟು 8 ಚಾನೆಲ್. 40 ಗುಣಿಸು 8, 320 ಧಾರೆ. 24 ಬಿಟ್, 44.1ರ ಒಂದು ಮೋನೊ ಧಾರೆಗೆ ಸೆಕೆಂಡಿಗೆ 132 ಕಿಲೋಬೈಟ್. ಎಲ್ಲ ಕೂಡಿ 42 ಮೆಗಾಬೈಟ್! ಯುಎಸ್‌ಬಿ 2 ನಿಜವಾಗಿ ಕೊಡೋದು 35–40. ಅದರಲ್ಲೇ ನಿಮ್ಮ ಇಂಟರ್‌ಫೇಸೂ ಪಾಲು ಕೇಳ್ತಿದೆ. ಸಾಲದ್ದಕ್ಕೆ ತಿರುಗೋ ಡಿಸ್ಕಿನ ಮುಳ್ಳು 320 ಕಡೆ ಜಿಗೀಬೇಕು.

ಅದಕ್ಕೇ ಈ ಹಾಡಿಗೆ ಬಳಸೋ ಕಿಟ್ ಅಷ್ಟೇ ಒಳಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ, ಪ್ಲಗಿನ್ ಸೆಟ್ಟಿಂಗ್‌ನಲ್ಲಿ ದಾರಿ ಬದಲಿಸ್ರಿ. ಇಂಟರ್‌ಫೇಸನ್ನ ಹಬ್ ಬಿಡಿಸಿ ನೇರ ಲ್ಯಾಪ್‌ಟಾಪ್ ಪೋರ್ಟಿಗೆ ಹಾಕ್ರಿ. ಟಾಮ್ ಮತ್ತು ಸ್ನೇರ್‌ಗೆ ಬರೋ ಸಿಂಬಲ್ ಸೋರಿಕೆ ಬಂದ್ ಮಾಡ್ರಿ, ದೂರದ ರೂಮ್ ಮೈಕೂ ತೆಗೀರಿ. ಏಕತಾರಿ ಜೊತೆ ಬರೋ ಹಾಡಿಗೆ ಸ್ಟೇಡಿಯಂ ರೂಮ್ ಯಾಕ್ರೀ? ಚಾನೆಲ್ 8ರಿಂದ 3ಕ್ಕೆ ಇಳಿದ್ರೆ 320 ಧಾರೆ 120 ಆಗುತ್ತೆ. ಫೇಡರ್ ಕೆಳಗೆ ಎಳೆದ್ರೆ ಸಾಲದು, ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ದನಿಯ ಫೈಲ್) ಓದೋದು ನಿಲ್ಲಬೇಕು. ಅಂದ್ರೆ ಆ ಮೈಕೇ ಆಫ್ ಆಗಬೇಕು. ಕೆಲವು ಪ್ಲಗಿನ್‌ನಲ್ಲಿ 16 ಬಿಟ್ ಆಯ್ಕೆ ಇರುತ್ತೆ, ಅದರಿಂದ ಮೂರನೇ ಒಂದು ಭಾಗ ಉಳಿಯುತ್ತೆ.

ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಷನ್ಸ್‌ಗೆ ಸ್ಯಾಂಪಲ್ ಫೋಲ್ಡರ್ ಸೇರಿಸೋದೂ ಒಳ್ಳೇದು. ಆ ಫೋಲ್ಡರ್‌ನಲ್ಲಿ ಬೇರೆ ಡೌನ್‌ಲೋಡ್ ಇಡಬ್ಯಾಡ್ರಿ.

ರ‍್ಯಾಮ್ ಸಾಲ್ತದೋ ಇಲ್ಲೋ ಅನ್ನೋಕೆ ಊಹೆ ಬೇಡ. ಲೇಟೆನ್ಸಿಮಾನ್ ಅನ್ನೋ ತಪಾಸಣೆ ಪ್ರೋಗ್ರಾಂ ಓಡಿಸಿಟ್ಟು 10 ನಿಮಿಷ ಹಾಡು ನುಡಿಸ್ರಿ. ಪ್ರೊಸೆಸಸ್ ಟ್ಯಾಬ್‌ನಲ್ಲಿ ರೀಪರ್ ಎದುರಿಗೆ ಹಾರ್ಡ್ ಪೇಜ್‌ಫಾಲ್ಟ್ (ಮೆಮೊರಿಯಲ್ಲಿ ಸಿಗದೆ ಡಿಸ್ಕಿಗೆ ಹೋದ ಸಲದ ಲೆಕ್ಕ) ಏರ್ತಾ ಹೋದ್ರೆ ಆಗ ಭೀಮಾದಂಡಿಯವರ ಮಾತು ಕೇಳ್ರಿ. ಡ್ರೈವರ್ಸ್ ಟ್ಯಾಬ್‌ನಲ್ಲಿ ಎನ್‌ಡಿಐಎಸ್ ಮೇಲಿದ್ರೆ ನೆಟ್‌ವರ್ಕ್ ಕಡೆಯ ತಂಟೆ, ವೈಫೈ ಬಂದ್ ಮಾಡಿ ಮತ್ತೆ ಅಳೀರಿ.

ಹಲಗಿಯೇಟು, ಸುರಪುರ:

ಮಧ್ಯಾಹ್ನ ಕೆಟ್ಟ ಅಂದಿರಲ್ಲ, ಅದು ಪ್ಲಗಿನ್ ಅಲ್ರಿ, ನಮ್ಮ ಬಿಸಲು. ಬ್ಯಾಸಗಿದಾಗ ಹೊರಗ 42 ಡಿಗ್ರಿ ಇದ್ದಾಗ ಫ್ಯಾನ್ ಒಳಗ ಎಳಕೊಳ್ಳೋ ಗಾಳೀನೇ ಸುಡ್ತದ. ಚಿಪ್ 95 ಡಿಗ್ರಿ ದಾಟಿದ್ರ ತಾನೇ ವೇಗ ಇಳಿಸ್ಕೋತದ. ಬೆಳಿಗ್ಗೆ 2 ಮಿಲಿಸೆಕೆಂಡ್‌ದಾಗ ಮುಗಿಯೋ ಲೆಕ್ಕಕ್ಕ ಮಧ್ಯಾಹ್ನ 3 ಹಿಡೀತದ, ಗಡುವು ಅಷ್ಟೇ ಇರ್ತದ. ಎಚ್‌ಡಬ್ಲ್ಯುಇನ್ಫೋ ಅನ್ನೋ ಪ್ರೋಗ್ರಾಂದ ಸೆನ್ಸರ್ ಪಟ್ಟಿದಾಗ ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸೋದು) ಎದುರಿಗೆ ಯೆಸ್ ಬಂದ್ರ ಅದೇ.

ಗಾದಿ ಮ್ಯಾಲ, ಕೌದಿ ಮ್ಯಾಲ ಇಡಬ್ಯಾಡ್ರಿ. ಶಹಾಬಾದ್ ಫರಸಿ ಮ್ಯಾಲ ಇಟ್ಟು ಹಿಂದಿನ ಅಂಚಿಗೆ ಎರಡು ಇಂಚಿನ ಕಟ್ಟಿಗಿ ಕೊಡ್ರಿ. ತಣ್ಣಗ ಮಾಡೋದು ಕಲ್ಲಲ್ಲ, ಕೆಳಗಿನ ಸಂದು. ಫ್ಯಾನಿನ ಧೂಳ ತೆಗಸ್ರಿ. ಕರೆಂಟ್ ಹೋದಾಗ ವಿಂಡೋಸ್ ಬ್ಯಾಟರಿ ಉಳಿಸ್ಲಿಕ್ಕ ವೇಗ ಕಡಿಮಿ ಮಾಡ್ತದ. ಪವರ್ ಆಪ್ಷನ್ಸ್‌ದಾಗ ಮಿನಿಮಮ್ ಪ್ರೊಸೆಸರ್ ಸ್ಟೇಟ್ ಬ್ಯಾಟರಿಗೂ 100 ಇಡ್ರಿ. ಮ್ಯಾಕ್ಸಿಮಮ್ 99 ಇಟ್ರ ಟರ್ಬೋ ಬಂದಾಗಿ ಬಿಸಿ ಪಟ್ಟನೆ ಇಳೀತದ.

ಬಿದ್ರಿಬೀಟ್, ಬೀದರ್:

ಹಲಗಿಯಣ್ಣ, ಬಾಕಿ ಎಲ್ಲ ಒಪ್ಪಿದೆ, 99 ಮಾತ್ರ ಇವರ ಲ್ಯಾಪ್‌ಟಾಪಿಗೆ ಬ್ಯಾಡ. ಬೇಸ್ 1.6 ಮಾತ್ರ. ಟರ್ಬೋ ಕೊಂದ್ರೆ 3.4ರಿಂದ ಅಲ್ಲಿಗೇ ಬೀಳುತ್ತೆ, ಥ್ರಾಟಲ್ ಆದದ್ದಕ್ಕಿಂತ ಕಡೆ. ಬೇಸ್ 2.4, 2.6 ಇರೋ ದಪ್ಪ ಲ್ಯಾಪ್‌ಟಾಪಿಗೆ ಆ ಉಪಾಯ ಸರಿ. ಇವರಿಗೆ ಬ್ಯಾಟರಿ ಮೇಲೆ 100 ಇಟ್ರೂ ಚಾರ್ಜರ್ ಇದ್ದಾಗಿನ ವೇಗ ಪೂರ್ತಿ ಬರೋ ಖಾತ್ರಿ ಇಲ್ಲ. ಕರೆಂಟ್ ಹೋದ್ರೆ ಬಫರ್ 512 ಮಾಡಿಕೊಳ್ರಿ, ಅಷ್ಟೇ.

ತೊಗರಿಕಣಜ, ಕಲಬುರಗಿ:

ಎಲ್ಲ ಮಾಡಿ ನೋಡ್ದೆ. ರೆಕಾರ್ಡ್ ಬಟನ್ ಖರೇನೇ ಒತ್ತೇ ಇತ್ತು. ಕಿಟ್ 14 ಜಿಬಿ, ಎಸ್‌ಎಸ್‌ಡಿಗೆ ಹೋಯ್ತು. ಮೈಕ್ ಮೂರೇ ಇಟ್ಟೀನಿ. ಮೊದಲ ಲಾಂಗೆಸ್ಟ್ ಬ್ಲಾಕ್ 2.9ಕ್ಕ 4.1 ಬರ್ತಿತ್ತು, ಈಗ ಬಫರ್ 256ರಾಗ 5.8ಕ್ಕ 1.9. ಬಾಲ ಕತ್ತರಿಸೋದು ನಿಂತದ. ಪೇಜ್‌ಫಾಲ್ಟ್ ಏರ್ಲಿಲ್ಲ, ರ‍್ಯಾಮ್ ರೊಕ್ಕ ಉಳೀತು. ಆದ್ರ ಎರಡನೇ ಪಲ್ಲವಿದಾಗ ಒಂದೇ ಜಾಗದಾಗ ಇನ್ನೂ ಚಟ್ ಅಂತದ. ಮಿಡಿ (ದನಿ ಅಲ್ಲ, ನೋಟ್‌ಗಳ ದಾಖಲೆ) ಲೂಪ್ ಹಾಕಿ ಕೀಬೋರ್ಡ್‌ಲಿಂದ ರೆಕಾರ್ಡ್ ಮಾಡಿದ್ದು ಅದು. ಇನ್ನೊಂದು, ಮಿಕ್ಸಿಂಗಿಗೆ ಫ್ರೀಜ್ ಮಾಡಿದ್ರ (ಪ್ಲಗಿನ್ ದನಿ ಆಡಿಯೊ ಮಾಡಿಟ್ರ) ಔಟ್‌ಪುಟ್ ಬ್ಯಾರೆ ಬ್ಯಾರೆ ಉಳೀತಾವೇನು?

ಬಿದ್ರಿಬೀಟ್, ಬೀದರ್:

ಡ್ರಮ್ ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್, ಫ್ರೀಜ್ ಟು ಮಲ್ಟಿಚಾನೆಲ್. ಸ್ಟೀರಿಯೊ ಆರಿಸಿದ್ರೆ ಬಿಡಿ ಔಟ್‌ಪುಟ್ ಕಳಕೊಳ್ತೀರಿ. ನೋಟ್ ತಿದ್ದಬೇಕಂದ್ರೆ ಅನ್‌ಫ್ರೀಜ್, ಪ್ಲಗಿನ್ ಹಂಗೇ ವಾಪಸ್ ಬರುತ್ತೆ.

ಒಂದೇ ಜಾಗದ ಚಟ್‌ಗೆ ಮಿಡಿ ಎಡಿಟರ್‌ನಲ್ಲಿ ಇವೆಂಟ್ ಲಿಸ್ಟ್ ನೋಟ ತೆಗೆದು ಆ ಬಾರ್ ನೋಡ್ರಿ. ಲೂಪ್‌ನಲ್ಲಿ ಎರಡು ಸುತ್ತು ಬಾರಿಸಿದ್ರೆ ಒಂದೇ ಕ್ಷಣಕ್ಕೆ ಎರಡು ನೋಟ್ ಕೂತಿರುತ್ತೆ. ಪಿಯಾನೊ ರೋಲ್‌ನಲ್ಲಿ ಒಂದರ ಮೇಲೊಂದು ಬಿದ್ದು ಕಣ್ಣಿಗೆ ಕಾಣಲ್ಲ, ಪ್ಲಗಿನ್ ಮಾತ್ರ ಎರಡು ಬಾಲ ಎಳೀತಿರುತ್ತೆ.

ತೊಗರಿಕಣಜ, ಕಲಬುರಗಿ:

ಹೌದ್ರಿ, 49ನೇ ಬಾರ್‌ಲಿಂದ ನಾಕು ಬಾರ್ ಪೂರಾ ರೈಡ್ 51ನೇ ನೋಟ್ ಜೋಡಿ ಜೋಡಿ ಕೂತಿತ್ತು. ಅಳಿಸ್ದೆ, ಚಟ್ ಹೋಯ್ತು. ಅಲ್ಲಿ ರೈಡ್ ಜೋರ್ ಕೇಳ್ತದಂತ ನಿನ್ನೆ ಫೇಡರ್ ಇಳಿಸಿದ್ದೆ, ಈಗ ಮತ್ತ ಏರಿಸ್ಬೇಕಾಗ್ಯದ.