ಬಟ್ಟೆ ಅಂಗಡಿ ಅಗ್ರಿಮೆಂಟು: 26ರಿಂದ 25 ಸಂಬಳ, ಅರ್ಧ ಗಂಟೆ ಊಟ, ಇದೆಲ್ಲ ಸರೀನಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಹೋದ ತಿಂಗ್ಳು 3ನೇ ತಾರೀಖು ದಾವಣಗೆರೆಲಿ ಒಂದು ದೊಡ್ಡ ಬಟ್ಟೆ ಅಂಗಡಿಗೆ ಸೇಲ್ಸ್‌ಗೆ ಸೇರ್ಕೊಂಡೆ, ಸಂಬಳ 18,000 ಅಂದಿದ್ರು, ಕೈಗೆ ಬಂದಿದ್ದು 13,500. ಕೇಳಿದ್ರೆ ನಾನೇ ಸೈನ್ ಹಾಕಿರೋ ಅಗ್ರಿಮೆಂಟ್ ತೆಗ್ದು ತೋರ್ಸಿದ್ರು, ಅದ್ರಲ್ಲಿ ಸಂಬಳದ ತಿಂಗಳು 26ರಿಂದ 25 ಅಂತೆ, ಮೂರು ಸಲ ಲೇಟಾದ್ರೆ ಅರ್ಧ ದಿನ ಕಟ್ ಅಂತೆ (ಬಸ್ ಸಿಗ್ದೆ ಮೂರು ಸಲ ಹತ್ತತ್ತು ನಿಮಿಷ ಆಗಿತ್ತು). ಸಂಬಳ 15ರೊಳಗೆ. ಡ್ಯೂಟಿ ಬೆಳಗ್ಗೆ 10ರಿಂದ ರಾತ್ರಿ 9:30, ಊಟಕ್ಕೆ ಅರ್ಧ ಗಂಟೆ, ಟೀಗೆ 15 ನಿಮಿಷ, ಮಂಗಳವಾರ ರಜ. ಸೈನ್ ಹಾಕ್ಬಿಟ್ಟಿದೀನಿ, ಇನ್ನೇನೂ ಮಾಡಕ್ಕಾಗಲ್ವಾ?

ಉತ್ತರ 1:
26-25 ಸೈಕಲ್ ಮೋಸ ಅಲ್ಲ ಮೇಡಂ, ಒಂದು ತಿಂಗಳು ಮೀರದಿದ್ರೆ ಆಯ್ತು, ನಾನು ಸಂಬಳ ಮಾಡೋ ಆಫೀಸಲ್ಲೂ ಹಂಗೇ. 3ರಿಂದ 25ಕ್ಕೆ 23 ದಿನ, ಅಂದ್ರೆ 13,800, ಮಿಕ್ಕಿದ್ದು ಮುಂದಿನ ಸಂಬಳದಲ್ಲಿ ಬರುತ್ತೆ. ಆದ್ರೆ ಆ 300 ಕಟ್ ಮಾಡಿರೋದು ತಪ್ಪು. ಎಷ್ಟು ಹೊತ್ತು ಕೆಲಸಕ್ಕೆ ಇರ್ಲಿಲ್ವೋ ಅಷ್ಟಕ್ಕೆ ಮಾತ್ರ ಹಿಡೀಬಹುದು, ಒಟ್ಟು ಅರ್ಧ ಗಂಟೆ ಲೇಟಿಗೆ ಅರ್ಧ ದಿನದ ದುಡ್ಡು ಯಾವ ಲೆಕ್ಕ? 15ನೇ ತಾರೀಖೂ ನಡಿಯಲ್ಲ, 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ, ತಿಂಗಳ ಸಂಬಳ ಮುಂದಿನ ತಿಂಗಳು 7ರೊಳಗೆ ಕೊಡ್ಬೇಕು.

ಉತ್ತರ 2:
ಅಕ್ಕಾರ, ಸಂಬಳದ್ದು ಬಿಡ್ರಿ, ದೊಡ್ಡ ಹೊಡ್ತ ಟೈಮಿನೊಳಗ ಐತಿ. ಹತ್ತರಿಂದ ಒಂಬತ್ತೂವರೆ ಅಂದ್ರ ಹನ್ನೊಂದೂವರೆ ತಾಸು, ಊಟ ಚಹಾ ತಗದ್ರ 10 ತಾಸು 45 ನಿಮಿಷ, ಆರು ದಿನಕ್ಕ 64 ತಾಸು 30 ನಿಮಿಷ ಆತು. 1961ರ ಕರ್ನಾಟಕ ಅಂಗಡಿಗಳ ಕಾಯ್ದೆ ಪ್ರಕಾರ ದಿನಕ್ಕ 9, ವಾರಕ್ಕ 48. ಅದರ ಮ್ಯಾಲಿಂದಕ್ಕೆಲ್ಲಾ ಡಬಲ್ ರೇಟು ಕೊಡಬೇಕು, ಅದೂ ಓಟಿ ಸೇರಿ ದಿನಕ್ಕ 10 ತಾಸು ದಾಟಂಗಿಲ್ಲ. ಐದು ತಾಸಿಗಿಂತ ಹೆಚ್ಚು ಒಂದೇ ಸಮ ದುಡಸೂದಿದ್ರ ನಡುವ ಒಂದು ತಾಸು ಬಿಡುವು ಕೊಡಬೇಕು, ಅರ್ಧ ತಾಸಲ್ಲ. ನೀವು ಸೈನ್ ಮಾಡೀರಿ ಅಂತ ಕಾಯ್ದೆ ಸುಮ್ನ ಕುಂದ್ರೂದಿಲ್ರಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಆದ್ರೆ ರಿಜಿಸ್ಟರ್‌ನಲ್ಲಿ ಸಂಜೆ 7 ಅಂತ ಮೊದ್ಲೇ ಬರ್ದಿರ್ತಾರೆ, ನಾವು ಸೈನ್ ಹಾಕೋದಷ್ಟೇ. 7 ಗಂಟೆಗೆ ಹೋಗೋದು ದೂರದ ಮಾತು, ಗಿರಾಕಿ ಬಿಚ್ಚಿಸಿದ ಸೀರೆ ಎಲ್ಲ ಮಡಚಿ ಎತ್ತಿಡೋ ಹೊತ್ತಿಗೆ ಹತ್ತಾಗುತ್ತೆ. ಲೇಬರ್ ಆಫೀಸಲ್ಲಿ ನಮ್ಮ ಮಾತು ಯಾರು ನಂಬ್ತಾರೆ?

ಉತ್ತರ 3:
ತಂಗಿ, ಸರ್ಕಾರಿ ಬಸ್ಸಲ್ಲಿ ಓಡಾಡ್ತೀಯ ಅಲ್ವಾ? ಶಕ್ತಿ ಯೋಜನೆ ಝೀರೋ ಟಿಕೆಟ್ ಮೇಲೆ ತಾರೀಖು ಟೈಮು ಎರಡೂ ಇರುತ್ತೆ, ರಾತ್ರಿದು ಬಿಸಾಕ್ಬೇಡ, ಅವತ್ತವತ್ತೇ ಫೋಟೋ ತಗೊಂಡ್ಬಿಡು, ಆ ಕಾಗದದ ಅಕ್ಷರ ಬೇಗ ಅಳ್ಸೋಗುತ್ತೆ. ಒಂದು ಡೈರಿಲೂ ಬರ್ಕೊ. ಲೇಬರ್ ಇನ್ಸ್‌ಪೆಕ್ಟರ್ ಹತ್ರ ಒಬ್ಳೇ ಹೋಗ್ಬೇಡ, ನಾಲ್ಕು ಜನ ಸೇರಿ ಒಂದೇ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬನ್ನಿ.

ಪ್ರಶ್ನೆ ಕೇಳಿದವರು:
ಅಯ್ಯೋ ಅಣ್ಣ, ನೆನ್ನೆವರೆಗಿಂದು ಅರ್ಧ ಚೂಡಿದಾರ್ ಜೇಬಲ್ಲಿ ಒಗೆದು ಮುದ್ದೆ ಆಗಿದೆ 😅 ಬ್ಯಾಗಲ್ಲಿ ಹುಡುಕಿದ್ರೆ ಹನ್ನೊಂದು ಸಿಕ್ತು, ಒಂಬತ್ತರಲ್ಲಿ ಟೈಮ್ ಕಾಣುತ್ತೆ.