ಶನಿವಾರದ ಕ್ವಾರ್ಟರನ್ನು ಮೂರು ದಿನಕ್ಕೆ ಹಂಚಿಕೊಂಡರೆ ಮಧುಮೇಹದ ಅಪಾಯ ತಗ್ಗುತ್ತದೆಯೇ?

ಭದ್ರಾವತಿಯ ಓದುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ತಂದೆಯವರಿಗೆ ಬಹಳ ಹಿಂದಿನಿಂದ ಸಕ್ಕರೆ ಕಾಯಿಲೆ ಇದೆ. ಇತ್ತೀಚಿನ ತಪಾಸಣೆಯಲ್ಲಿ ನನಗೂ ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ರಕ್ತಪರೀಕ್ಷೆ) 6.0 ಎಂದು ಬಂದಿದೆ. ಇದು ಮಧುಮೇಹಕ್ಕೆ ಹಿಂದಿನ ಹಂತ, ಈಗಲೇ ಎಚ್ಚೆತ್ತುಕೊಂಡರೆ ತಡೆಯಬಹುದು ಎಂದು ವೈದ್ಯರು ಹೇಳಿದರು. ಮದ್ಯದ ವಿಷಯ ಮಾತಿನಲ್ಲಿ ಬರಲಿಲ್ಲ.

ನಾನು ಶನಿವಾರ ರಾತ್ರಿ ಗೆಳೆಯರ ಜೊತೆ ಕೂತು ಒಂದು ಕ್ವಾರ್ಟರ್ ವಿಸ್ಕಿ ಕುಡಿಯುತ್ತೇನೆ; ಉಳಿದ ಆರು ದಿನ ಮುಟ್ಟುವುದಿಲ್ಲ. ವಾರಕ್ಕೊಮ್ಮೆಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ ವಾರದಲ್ಲಿ ಮೂರು ನಾಲ್ಕು ದಿನ ಕುಡಿಯುವ ಗಂಡಸರಿಗೆ ಮಧುಮೇಹ ಬರುವ ಸಾಧ್ಯತೆ ಶೇ 27ರಷ್ಟು ಕಡಿಮೆ ಎಂಬ ಡೆನ್ಮಾರ್ಕ್ ಅಧ್ಯಯನದ ಸುದ್ದಿಯನ್ನು ಗೆಳೆಯರೊಬ್ಬರು ಕಳುಹಿಸಿದ್ದಾರೆ. ಹಾಗಾದರೆ ನಾನು 180 ಮಿ.ಲೀ. ಅನ್ನು ಅರವತ್ತರಂತೆ ಮೂರು ದಿನಕ್ಕೆ ಹಂಚಿಕೊಳ್ಳುವುದು ಒಳ್ಳೆಯದೇ? ಇನ್ನೊಂದು ವಿಷಯ: ತಂದೆಯವರು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಾರೆ, ಮದುವೆ ಮುಂಜಿಗಳಲ್ಲಿ ಒಂದೆರಡು ಪೆಗ್ ತೆಗೆದುಕೊಳ್ಳುತ್ತಾರೆ. ಇದರಿಂದ ತೊಂದರೆ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಧಾರವಾಡದ ವೈದ್ಯೆ:

ಇದೇ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ ಕೇಳುವ ರೋಗಿಗಳು ನನ್ನ ಬಳಿಯೂ ಬರುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಧ್ಯಯನ ನಿಜವಾದದ್ದೇ. 2007–08ರಲ್ಲಿ ಡೆನ್ಮಾರ್ಕಿನ ಆರೋಗ್ಯ ಸಮೀಕ್ಷೆಯಲ್ಲಿ ಪಾಲ್ಗೊಂಡ 70,551 ಜನರನ್ನು ಸುಮಾರು ಐದು ವರ್ಷ ಹಿಂಬಾಲಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ನಾಲ್ಕು ದಿನ ಕುಡಿಯುವ ಗಂಡಸರಲ್ಲಿ ಶೇ 27, ಹೆಂಗಸರಲ್ಲಿ ಶೇ 32ರಷ್ಟು ಕಡಿಮೆ ಅಪಾಯ ಕಂಡದ್ದೂ ಹೌದು. ಆದರೆ ಸುದ್ದಿಯಲ್ಲಿ ಬಾರದ ಕೆಲವು ಸಂಗತಿಗಳಿವೆ. ಆ ಎಪ್ಪತ್ತು ಸಾವಿರ ಜನರಲ್ಲಿ ಮಧುಮೇಹ ಬಂದದ್ದು 859 ಗಂಡಸರಿಗೆ ಮತ್ತು 887 ಹೆಂಗಸರಿಗೆ, ಅಂದರೆ ಸಾವಿರಕ್ಕೆ ಸುಮಾರು 25 ಮಂದಿಗೆ. ಶೇ 27ರ ಇಳಿಕೆ ಎಂದರೆ ಸಾವಿರದಲ್ಲಿ ಆರೇಳು ಜನರ ವ್ಯತ್ಯಾಸ. ಅಪಾಯ ಕಡಿಮೆ ಎಂದು ಸ್ಪಷ್ಟವಾಗಿ ಕಂಡದ್ದು ಮುಖ್ಯವಾಗಿ ವೈನ್ ಕುಡಿಯುವವರಲ್ಲಿ, ಗಂಡಸರಲ್ಲಾದರೆ ಮಿತವಾಗಿ ಬಿಯರ್ ಕುಡಿಯುವವರಲ್ಲೂ; ವಿಸ್ಕಿ, ರಮ್‌ನಂಥ ಮದ್ಯದಿಂದ ಗಂಡಸರಿಗೆ ಅಂಥ ಪ್ರಯೋಜನ ಕಾಣಲಿಲ್ಲ, ಅವನ್ನು ವಾರಕ್ಕೆ ಏಳು ಅಥವಾ ಹೆಚ್ಚು ಅಳತೆ (ಡ್ರಿಂಕ್) ಕುಡಿಯುವ ಹೆಂಗಸರಲ್ಲಂತೂ ಅಪಾಯ ಶೇ 83ರಷ್ಟು ಹೆಚ್ಚಿತ್ತು. ಒಂದೇ ಸಲಕ್ಕೆ ಬಹಳ ಕುಡಿಯುವವರು ಆ ಸಮೀಕ್ಷೆಯಲ್ಲಿ ತೀರ ಕಡಿಮೆ ಇದ್ದುದರಿಂದ, ನಿಮ್ಮ ಶನಿವಾರದ ಅಭ್ಯಾಸದ ಬಗ್ಗೆ ಅದು ಏನನ್ನೂ ಖಚಿತವಾಗಿ ಹೇಳಲಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಡೇನಿಷ್ ಜನರ ಅಧ್ಯಯನ. 2015ರಲ್ಲಿ 38 ಅಧ್ಯಯನಗಳ ಸುಮಾರು 19 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದವರು, ಮಿತ ಮದ್ಯದಿಂದ ಮಧುಮೇಹ ತಗ್ಗುವಂತೆ ಕಾಣುವುದು ಹೆಂಗಸರಲ್ಲಿ ಮತ್ತು ಏಷ್ಯಾದವರಲ್ಲದವರಲ್ಲಿ ಮಾತ್ರ ಇರಬಹುದು ಎಂದು ಬರೆದಿದ್ದಾರೆ. ನೀವು ಏಷ್ಯಾದವರು, ಗಂಡಸರು; ಎರಡೂ ಕಡೆಯಿಂದ ಆ ಗುಂಪಿನ ಹೊರಗಿದ್ದೀರಿ. ಜೊತೆಗೆ ಇಂಥ ಅಧ್ಯಯನಗಳಲ್ಲಿ 'ಕುಡಿಯದವರು' ಎಂಬ ಗುಂಪಿನಲ್ಲಿ ಕಾಯಿಲೆ ಬಂದ ಮೇಲೆ ಬಿಟ್ಟವರೂ ಸೇರಿಕೊಂಡಿದ್ದರೆ, ಹೋಲಿಕೆಯಲ್ಲಿ ಕುಡಿಯುವವರೇ ಆರೋಗ್ಯವಂತರಂತೆ ಕಾಣುತ್ತಾರೆ.

ಹಂಚಿಕೊಳ್ಳುವ ಪ್ರಶ್ನೆಗೆ ಬರುತ್ತೇನೆ. ಒಂದೇ ರಾತ್ರಿ 180 ಕುಡಿಯುವುದಕ್ಕಿಂತ 60 ಕುಡಿದರೆ ಆ ರಾತ್ರಿ ದೇಹಕ್ಕೆ ಬೀಳುವ ಹೊಡೆತ ಕಡಿಮೆ, ನಿಜ. ಆದರೆ ಮಧುಮೇಹ ತಡೆಯಲೆಂದು ಹೊಸದಾಗಿ ಮಂಗಳವಾರ, ಗುರುವಾರದ ಕುಡಿತ ಶುರು ಮಾಡಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ, ನಾನಂತೂ ಹೇಳುವುದಿಲ್ಲ. ಆರು ದಿನ ಮುಟ್ಟದೆ ಇರುವುದು ನಿಮ್ಮ ಕೈಯಲ್ಲಿರುವ ದೊಡ್ಡ ಬಲ. ಅದನ್ನು ಬಿಟ್ಟುಕೊಡಬೇಡಿ, ಶನಿವಾರದ್ದನ್ನು ಇಳಿಸಿ. ಸಾಧ್ಯವಾದರೆ ನಿಲ್ಲಿಸಿ. ಮದ್ಯ ಕ್ಯಾನ್ಸರ್‌ಕಾರಕ ಎಂದು 1988ರಲ್ಲೇ ವರ್ಗೀಕರಣವಾಗಿದೆ, ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಆ ಶೇ 27 ನಿಮಗೆ ಬೇಕೇ ಬೇಕೆಂದರೆ, ಅದು ಹತ್ತಿರದಲ್ಲೇ ಸಿಗುತ್ತದೆ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮದಲ್ಲಿ, ನಿಮ್ಮಂತೆಯೇ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪುಗಳಾಗಿ ವಿಂಗಡಿಸಿದ್ದರು. ಸಾಮಾನ್ಯ ಸಲಹೆಯಷ್ಟೇ ಸಿಕ್ಕ ಗುಂಪಿನಲ್ಲಿ ಮೂರು ವರ್ಷದೊಳಗೆ ನೂರರಲ್ಲಿ 55 ಮಂದಿಗೆ ಮಧುಮೇಹ ಬಂತು. ಊಟವನ್ನು ತಿದ್ದಿಕೊಂಡು ನಿಯಮಿತವಾಗಿ ನಡೆದವರ ಗುಂಪಿನಲ್ಲಿ 39 ಮಂದಿಗೆ. ಇಳಿಕೆ ಶೇ 28.5. ಇದು ನಮ್ಮದೇ ಮೈಕಟ್ಟಿನ, ಅನ್ನ ಉಣ್ಣುವ ಜನರ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಲೆಕ್ಕ, ಬರೀ ಗಮನಿಸಿ ಬರೆದದ್ದಲ್ಲ. ಇವತ್ತೇ ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿಕೊಳ್ಳಿ. ನಮ್ಮ ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರಿಕೆಯ ಗಂಟೆ.

ಲೆಕ್ಕದ ಮೇಷ್ಟ್ರು:

ಡಾಕ್ಟರಮ್ಮನವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ, ಏಕೆಂದರೆ 'ಒಂದು ಡ್ರಿಂಕ್' ಎಂದರೆ ಎಷ್ಟು ಎಂಬುದರಲ್ಲೇ ನಮ್ಮವರು ಎಡವುತ್ತಾರೆ. ಡೆನ್ಮಾರ್ಕಿನಲ್ಲಿ ಒಂದು ಅಳತೆ ಎಂದರೆ 12 ಗ್ರಾಂ ಆಲ್ಕೋಹಾಲ್. ನಮ್ಮ ವಿಸ್ಕಿ ಬಾಟಲಿಯ ಮೇಲೆ ಶೇ 42.8 ಎಂದು ಬರೆದಿರುತ್ತದೆ. ಆ ಪ್ರಕಾರ 180 ಮಿ.ಲೀ.ನಲ್ಲಿ ಸುಮಾರು 61 ಗ್ರಾಂ, ಅಂದರೆ ಅವರ ಐದು ಅಳತೆ ನಿಮ್ಮ ಒಂದೇ ಕ್ವಾರ್ಟರಿನಲ್ಲಿದೆ. ತೊಂಬತ್ತರ ಪ್ಯಾಕೆಟ್ಟಿನಲ್ಲಿ ಎರಡೂವರೆ ಅಳತೆ. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅದೂ ಮೂರೂವರೆ ಅಳತೆಯ ಹತ್ತಿರ ಬರುತ್ತದೆ. 'ಬಿಯರ್ ತಾನೇ' ಎನ್ನುವವರು ಇದನ್ನು ಗಮನಿಸಬೇಕು.

ಗ್ರಾಂಗೆ 7 ಕ್ಯಾಲೊರಿ ಹಿಡಿದರೆ ಕ್ವಾರ್ಟರಿನಲ್ಲೇ 425ರಷ್ಟು ಕ್ಯಾಲೊರಿ. ಅದರ ಜೊತೆಗೆ ಟೇಬಲ್ಲಿಗೆ ಬರುವ ಕಾಂಗ್ರೆಸ್ ಕಡಲೆಬೀಜ, ಕಬಾಬ್, ವಿಸ್ಕಿಗೆ ಬೆರೆಸುವ ಸಿಹಿ ಸೋಡಾ, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ. ಇಷ್ಟೆಲ್ಲ ಹೊಟ್ಟೆಗಿಳಿದು ಮಲಗಿದ ಮೇಲೆ ಭಾನುವಾರ ಬೆಳಗಿನ ನಡಿಗೆ ಹೇಗೂ ತಪ್ಪಿರುತ್ತದೆ. ಮದ್ಯವೊಂದನ್ನೇ ಬಿಡಿಸಿ ತೂಗಲು ಆಗುವುದಿಲ್ಲ.

ಡೆನ್ಮಾರ್ಕಿನಲ್ಲೂ ಇದೇ ಕಥೆ. ಅಲ್ಲಿನ ಅಂಗಡಿಗಳ ಸುಮಾರು 35 ಲಕ್ಷ ಬಿಲ್ಲುಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2006ರಲ್ಲಿ ಬಂದಿತ್ತು. ವೈನ್ ಕೊಳ್ಳುವವರ ಬುಟ್ಟಿಯಲ್ಲಿ ಹಣ್ಣು, ತರಕಾರಿ, ಆಲಿವ್, ಕೊಬ್ಬು ಕಡಿಮೆಯಿರುವ ಚೀಸ್ ಹೆಚ್ಚಾಗಿತ್ತು. ಬಿಯರ್ ಕೊಳ್ಳುವವರ ಬುಟ್ಟಿಯಲ್ಲಿ ಚಿಪ್ಸ್, ಸಾಸೇಜು, ಸಕ್ಕರೆ, ತಂಪು ಪಾನೀಯ. ಹಾಗಿದ್ದ ಮೇಲೆ ಮಧುಮೇಹ ದೂರವಿಟ್ಟದ್ದು ಲೋಟದೊಳಗಿನ ವೈನೋ, ತಟ್ಟೆಯೊಳಗಿನ ತರಕಾರಿಯೋ ಎಂದು ಹೇಗೆ ಹೇಳುವುದು? ಅಧ್ಯಯನ ಮಾಡಿದವರು ಊಟದ ವ್ಯತ್ಯಾಸವನ್ನು ಲೆಕ್ಕದಿಂದ ಕಳೆಯಲು ಪ್ರಯತ್ನಿಸುತ್ತಾರೆ, ಆದರೆ ಬದುಕಿನ ರೀತಿಯನ್ನೆಲ್ಲ ಕಳೆಯಲು ಯಾವ ಸೂತ್ರಕ್ಕೂ ಆಗದು ಎಂಬುದು ನನ್ನ ಅಭಿಪ್ರಾಯ.

ಮಂಡ್ಯದಿಂದ:

ಮದ್ಯಕ್ಕೂ ಸಕ್ಕರೆಗೂ ಇರುವ ಇನ್ನೊಂದು ದಾರಿಯನ್ನು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಅಣ್ಣನದು ದಿನವೂ ಕುಡಿಯುವ ಅಭ್ಯಾಸವಾಗಿತ್ತು, ಜೊತೆಗೆ ಬೀಡಿ. ಮೇಲುಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹಾಯುವ ನೋವು ಬಂದು, ನೀರು ಕುಡಿದರೂ ವಾಂತಿಯಾಗಿ ಆಸ್ಪತ್ರೆ ಸೇರಿದಾಗ ಮೇದೋಜ್ಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಹೀಗೆ ಮತ್ತೆ ಮತ್ತೆ ಆಗಿ ಇನ್ಸುಲಿನ್ ತಯಾರಿಸುವ ಗ್ರಂಥಿಯೇ ಹಾಳಾಯಿತು. ಇದನ್ನು 3ಸಿ ಮಾದರಿಯ ಮಧುಮೇಹ ಎನ್ನುತ್ತಾರೆ. ಈಗ ಅವನು ಊಟಕ್ಕೆ ಕೂರುವ ಮೊದಲು ಹೊಟ್ಟೆಯ ಮಡಿಕೆ ಹಿಡಿದು ಸೂಜಿ ಚುಚ್ಚಿಕೊಳ್ಳಬೇಕು, ಮೊದಲ ತುತ್ತಿನ ಜೊತೆಗೆ ಜೀರ್ಣವಾಗಲೆಂದು ಕಿಣ್ವದ ಕ್ಯಾಪ್ಸೂಲ್ ನುಂಗಬೇಕು; ಕ್ಯಾಪ್ಸೂಲ್ ಮರೆತ ದಿನ ಉಂಡದ್ದು ಎಣ್ಣೆಯಂತೆ ಹೊರಗೆ ಹೋಗುತ್ತದೆ. ಸಕ್ಕರೆಯನ್ನು ಮೇಲೆತ್ತುವ ಹಾರ್ಮೋನು ಕೂಡ ಅದೇ ಗ್ರಂಥಿಯದಾದ್ದರಿಂದ, ಇನ್ಸುಲಿನ್ ಸ್ವಲ್ಪ ಹೆಚ್ಚಾದರೂ ಅವನ ಸಕ್ಕರೆ ದಿಢೀರನೆ ಕುಸಿಯುತ್ತದೆ. ಅತ್ತಿಗೆ ಗ್ಲುಕೋಮೀಟರನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಾರೆ.

ವಾರಕ್ಕೊಮ್ಮೆ ಕುಡಿಯುವ ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಶೇ 27ರ ಸುದ್ದಿ ಕಳುಹಿಸುವ ಗೆಳೆಯರು ಈ ಸುದ್ದಿಯನ್ನು ಎಂದೂ ಕಳುಹಿಸುವುದಿಲ್ಲ. ತಾನಾಗಿಯೇ ಬಿಡಲು ಆಗದವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಆದ್ದರಿಂದ ವೈದ್ಯರ ಸಹಾಯದಿಂದಲೇ ನಿಲ್ಲಿಸಬೇಕು.

ಭದ್ರಾವತಿಯ ಓದುಗ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ಕ್ವಾರ್ಟರ್ ಐದು ಅಳತೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಎಲ್ಲವನ್ನೂ ಹೇಳುತ್ತೇನೆ. ತಂದೆಯವರ ಮಾತ್ರೆಗಳ ವಿಷಯ ಡಾಕ್ಟರಮ್ಮನವರು ದಯವಿಟ್ಟು ತಿಳಿಸಬೇಕು.

ಧಾರವಾಡದ ವೈದ್ಯೆ:

ಅದನ್ನು ಬೇರೆಯಾಗಿ ಬರೆಯಬೇಕೆಂದೇ ಉಳಿಸಿಕೊಂಡಿದ್ದೆ. ನಿಮ್ಮ ವಿಷಯಕ್ಕಿಂತ ಇದು ತುರ್ತಿನದು.

ಹೊಟ್ಟೆ ಖಾಲಿಯಿದ್ದಾಗ ರಕ್ತದಲ್ಲಿ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು ಪಿತ್ತಜನಕಾಂಗ. ಅದು ಹೊಸದಾಗಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮದ್ಯ ಒಳಗೆ ಹೋದಾಗ ಈ ತಯಾರಿಕೆ ಕುಂಠಿತವಾಗುತ್ತದೆ. ಗ್ಲಿಮೆಪಿರೈಡ್ ಇನ್ಸುಲಿನ್ ಸುರಿಯುವಂತೆ ಮಾಡುವ ಮಾತ್ರೆ. ಒಂದು ಕಡೆ ಸಕ್ಕರೆ ಇಳಿಸುವ ಒತ್ತಡ, ಇನ್ನೊಂದು ಕಡೆ ಏರಿಸುವ ದಾರಿ ಬಂದ್. ಮದುವೆ ಮನೆಯಲ್ಲಿ ಊಟ ತಡವಾಗಿ ಮಾತ್ರೆ, ಪೆಗ್ ಎರಡೂ ಮೊದಲೇ ಆಗಿದ್ದರೆ, ಅಪಾಯ ಆಗಲೇ ಕಾಣಿಸಬಹುದು, ನಡುರಾತ್ರಿಯಲ್ಲಿ ಅಥವಾ ಮರುದಿನ ಬೆಳಗ್ಗೆಯೂ ಕಾಣಿಸಬಹುದು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ಕುಸಿಯುವ ಭಯ ಅಷ್ಟಿಲ್ಲ, ಆದರೆ ಹೆಚ್ಚು ಕುಡಿಯುವವರಲ್ಲಿ, ಅದರಲ್ಲೂ ಮೂತ್ರಪಿಂಡ ಅಥವಾ ಪಿತ್ತಜನಕಾಂಗ ದುರ್ಬಲವಾಗಿರುವವರಲ್ಲಿ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪರೂಪದ, ಗಂಭೀರವಾದ ತೊಂದರೆ ಬರಬಹುದು.

ತಂದೆಯವರಿಗೆ ಬೇಡವೆಂದೇ ಹೇಳಿ. ಅವರು ಕೇಳದಿದ್ದರೆ ಖಾಲಿ ಹೊಟ್ಟೆಯಲ್ಲಿ ಕುಡಿಯಲು ಬಿಡಬೇಡಿ, ಮಾತ್ರೆಯ ಪ್ರಮಾಣವನ್ನು ನೀವಾಗಿ ಬದಲಿಸದೆ ಅವರ ವೈದ್ಯರನ್ನೇ ಕೇಳಿ. ಸಕ್ಕರೆ ಕುಸಿದವರು ಬೆವರುತ್ತಾರೆ, ತೊದಲುತ್ತಾರೆ, ತೂರಾಡುತ್ತಾರೆ; ಸುತ್ತಲಿದ್ದವರು ಕುಡಿದದ್ದು ಜಾಸ್ತಿಯಾಯಿತೆಂದು ಮಲಗಿಸಿಬಿಡುತ್ತಾರೆ. ಅನೇಕ ಜೀವಗಳಿಗೆ ಕುತ್ತು ಬರುವುದು ಇಲ್ಲೇ. ಬಾಯಿಗೆ ವಾಸನೆಯಿದ್ದರೂ ಸರಿ, ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ನೋಡಿ, ಆಮೇಲೆ ಊಟ ಮಾಡಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಎಂದು ಬಂದವರಿಗೆ ತಿಳಿಸಿ. ಈ ಮಾತ್ರೆಯಿಂದ ಕುಸಿದ ಸಕ್ಕರೆ ಒಮ್ಮೆ ಏರಿದ ಮೇಲೂ ಗಂಟೆಗಳ ನಂತರ ಮತ್ತೆ ಇಳಿಯಬಹುದು, ಆದ್ದರಿಂದ ಚೇತರಿಸಿಕೊಂಡರೆಂದು ಮನೆಗೆ ಕರೆದುಕೊಂಡು ಹೋಗಲು ಅವಸರಪಡಬೇಡಿ.